ದೊರೆ ಊಟ ಬಿಟ್ಟದ್ದು

ಅವನನ್ನು ಎಲ್ಲರೂ ‘ಇನ್ನೊಂಚೂರು’ ಎಂದೇ ಕರೆಯುತ್ತಿದ್ದರು. ಹಿಂದೆ ಅವನು ಹೋಟೆಲಿನಲ್ಲಿ ಬಡಿಸುತ್ತಿದ್ದ. ಸೌಟು ಹಿಡಿದು ಮೇಜಿಂದ ಮೇಜಿಗೆ ಹೋಗಿ “ಇನ್ನೊಂಚೂರು?” ಎನ್ನುವುದು, ಗಿರಾಕಿ ತಟ್ಟೆಗೆ ಕೈ ಅಡ್ಡ ಹಿಡಿಯುವ ಮೊದಲೇ ಸುರಿದುಬಿಡುವುದು. ಉಂಡವರು ಹರಸಿದರು, ಮಾಲೀಕ ತಲೆ ಚಚ್ಚಿಕೊಂಡ. ಕೊನೆಗೊಂದು ದಿನ, “ನಿನ್ನ ಕೈಗೆ ಬ್ರೇಕೇ ಇಲ್ಲವಲ್ಲಪ್ಪ. ಯಾವುದಾದ್ರೂ ಆಸ್ಪತ್ರೆ ಸೇರ್ಕೋ ಹೋಗು, ಅಲ್ಲಿ ಎಲ್ರೂ ಪಥ್ಯದಲ್ಲಿರ್ತಾರೆ” ಎಂದು ಸಾಗಹಾಕಿದ.

ಸೇರಿದ್ದೂ ಆಸ್ಪತ್ರೆಯನ್ನೇ, ಆದರೆ ಪ್ರಾಣಿಗಳದ್ದು. ಹಿಂಭಾಗದ ಉದ್ದನೆಯ ಹಜಾರದಲ್ಲಿದ್ದ ನಾಯಿಗಳ ಕೋಣೆಗಳನ್ನು ತೊಳೆಯಬೇಕು, ಊಟವನ್ನು ತೂಗಿ ಹಾಕಬೇಕು, ಬಟ್ಟಲಲ್ಲಿ ಉಳಿದದ್ದನ್ನೂ ತೂಗಬೇಕು. ತೂಗುವುದೆಂದರೆ ಅವನಿಗೆ ಯಾರದೋ ಬಾಯಿಂದ ತುತ್ತು ಕಸಿದಂತಾಗುತ್ತಿತ್ತು.

ಆಸ್ಪತ್ರೆಯ ಮೆಟ್ಟಿಲ ಕೆಳಗೆ ಒಂದೇ ಸೂಲಿನಲ್ಲಿ ಹುಟ್ಟಿದ ಅಣ್ಣ ತಂಗಿ ನಾಯಿಗಳಿದ್ದವು. ತಂಗಿ ಚುರುಕಿ ದಿನವಿಡೀ ಓಡಾಡಿ ಬರುವ ಹೋಗುವವರನ್ನೆಲ್ಲ ಗದರುತ್ತಿದ್ದಳು. ಅಣ್ಣ ಮಾತ್ರ ಬಿದ್ದಲ್ಲೇ ಬಿದ್ದಿರುವನು. ಕರೆದರೆ ಎದ್ದು ಬರುವುದು ತನ್ನ ಅಂತಸ್ತಿಗೆ ಕಡಿಮೆ ಎಂಬಂತೆ ನೋಡುವನು. ಅದಕ್ಕೇ ಅವನಿಗೆ ದೊರೆ ಎಂದು ಹೆಸರು. ಅದು ದೊರೆತನವಲ್ಲ, ಹೃದಯವೇ ಸೋತುಹೋಗಿದೆ ಎಂದು ದೊಡ್ಡ ಡಾಕ್ಟರಮ್ಮ ಪರೀಕ್ಷೆ ಮಾಡಿ ಹೇಳಿದ ಮೇಲೆ, ಅವನನ್ನು ಸೋಮಾರಿ ಎಂದು ಬೈದವರೆಲ್ಲ ಒಬ್ಬೊಬ್ಬರಾಗಿ ಬಂದು ತಲೆ ಸವರಿ ಹೋದರು.

ಅವನಿಗೆ ಬೇರೆ ಹೃದಯ ಜೋಡಿಸಬೇಕಿತ್ತು. ಇದಕ್ಕೂ ಮೊದಲು ಹೊಂದದ ಹೃದಯ ಹಾಕಿಸಿಕೊಂಡ ಎರಡು ನಾಯಿಗಳು ಅಲ್ಲೇ ಇನ್ನೊಂಚೂರಿನ ಕಣ್ಣೆದುರಿಗೇ ಸತ್ತುಹೋಗಿದ್ದವು. ಹಾಗಾಗಿ ಡಾಕ್ಟರಮ್ಮ ಸಿಕ್ಕಿದ ನಾಯಿಗಳ ರಕ್ತವನ್ನೆಲ್ಲ ತಂದು ದೊರೆಯ ರಕ್ತದ ಜೊತೆ ಬೆರೆಸಿ ನೋಡಿದರು.

“ಚುರುಕಿದು ಒಂದೇ ಹೊಂದ್ತು ಕಣಪ್ಪಾ. ಒಂದೇ ಕೊಳವೇಲಿ ಇಬ್ಬರ ರಕ್ತದ ಕಣಗಳನ್ನೂ ಕೂರಿಸಿದ್ವಿ, ಜಗಳಾನೇ ಆಡ್ಲಿಲ್ಲ,” ಎಂದರು ಇನ್ನೊಂಚೂರಿಗೆ.

“ಅದೃಷ್ಟವಂತ್ರು ಬಿಡಿ ಅಮ್ಮಾ. ನನ್ನನ್ನೂ ನಮ್ಮಣ್ಣನನ್ನೂ ಒಂದೇ ಸೋಫಾದ ಮೇಲೆ ಕೂರಿಸಿ ನೋಡಿ, ಪಕ್ಕದ ಮನೆಯವರು ಬಂದು ಬಿಡಿಸಬೇಕಾಗುತ್ತೆ.”

ಬದುಕಿರುವ ತಂಗಿಯ ಎದೆಗೆ ಕೈ ಹಾಕುವ ಮಾತನ್ನು ಯಾರೂ ಎತ್ತಲಿಲ್ಲ. ಆದರೆ ಒಂದು ಮಧ್ಯಾಹ್ನ ಗೇಟಿನ ಬಳಿ ಸಾಮಾನಿನ ವ್ಯಾನನ್ನು ಗದರಿಸಲು ಹೋದ ಚುರುಕಿ ಅದರ ಅಡಿಗೇ ಸಿಕ್ಕಳು. ತಲೆಗೆ ಪೆಟ್ಟು. ಕಣ್ಣು ಆರಿತ್ತು, ಎದೆ ಮಾತ್ರ ಇನ್ನೂ ಹೊಡೆದುಕೊಳ್ಳುತ್ತಿತ್ತು. ಇನ್ನೊಂಚೂರು ಅವಳನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಬಂದ. ಮಿದುಳು ಸತ್ತಿದೆ, ಇವಳಿನ್ನು ಉಳಿಯುವುದಿಲ್ಲ ಎಂದರು ಡಾಕ್ಟರಮ್ಮ. ಸಂಜೆಯ ಹೊತ್ತಿಗೆ ಅವಳ ಹೃದಯ ಅಣ್ಣನ ಎದೆಯೊಳಗೆ ಕೂತಿತ್ತು.

ದೊರೆ ಎದ್ದ. ಬಾಲ ಆಡಿಸಿದ. ಬಟ್ಟಲು ಬರಿದು ಮಾಡಿದ. ಡಾಕ್ಟರಮ್ಮ ಎಲ್ಲರನ್ನೂ ನಿಲ್ಲಿಸಿಕೊಂಡು ಹೇಳಿದರು: “ತೂಕದ ಊಟ ಬಿಟ್ಟು ಯಾರಾದ್ರೂ ಒಂದು ಚೂರು ಹಾಕಿದ್ರೆ, ಬಂದ ಗೇಟಲ್ಲೇ ವಾಪಸ್ಸು. ಊಟ ಬಿಡೋದೇ ಮೊದಲನೇ ಲಕ್ಷಣ. ಮೈ ಹೊಸ ಹೃದಯವನ್ನ ಬೇಡ ಅಂದ್ರೆ ಬಟ್ಟಲೇ ನಮಗೆ ಹೇಳುತ್ತೆ.” ಹೇಳುವಾಗ ಅವರು ನೋಡಿದ್ದು ಒಬ್ಬನನ್ನೇ.

ಮನೆಯಲ್ಲಿ ಹೆಂಡತಿಯೂ ಅದನ್ನೇ ಹೇಳಿದಳು. “ರೀ, ಹೋಟೆಲ್ ಕೆಲಸ ಕಳ್ಕೊಂಡಿದ್ದು ಸಾಕು. ಇಲ್ಲಿ ಕೈ ಹಿಂದಕ್ಕೆ ಕಟ್ಕೊಂಡು ನಿಂತ್ಕೊಳ್ಳಿ.” ಅವನು ಹೂಂಗುಟ್ಟಿದ. ಬೆಳಿಗ್ಗೆ ಬೇಯಿಸಿದ ಮೊಟ್ಟೆಯಲ್ಲಿ ಅರ್ಧ ತಾನು ತಿಂದ, ಉಳಿದರ್ಧ ಕರವಸ್ತ್ರಕ್ಕೆ ಸೇರಿತು.

ಕೆಲವು ದಿನಗಳಲ್ಲೇ ದೊರೆ ಬಟ್ಟಲು ಮೂಸಿ ಮುಖ ತಿರುಗಿಸಿದ. ಮರುದಿನವೂ ಹಾಗೇ.

ಡಾಕ್ಟರಮ್ಮ ಕೋಣೆಗೆ ಬಂದು ಕುಕ್ಕುರುಗಾಲಲ್ಲಿ ಕೂತರು. ಅವರ ಮುಖ ಬಿಳಚಿಕೊಂಡಿತ್ತು. “ತಂಗೀದು ಅಂತ ನೆಮ್ಮದಿಯಾಗಿದ್ದೆ. ಅದೂ ಬೇಡವಾಯ್ತು ಅಂತ ಕಾಣುತ್ತೆ. ಔಷಧಿ ಎರಡು ಪಟ್ಟು ಮಾಡ್ಬೇಕು.”

“ಮಾಡಿದ್ರೆ ಉಳೀತಾನಾ ಅಮ್ಮಾ?”

“ಹೃದಯ ಉಳೀಬಹುದು. ಆದ್ರೆ ಮೈಗೆ ಯಾವ ರೋಗಾನೂ ತಡೆಯೋ ತ್ರಾಣ ಇರಲ್ಲ. ಒಂದು ಸಣ್ಣ ಸೋಂಕು ಸಾಕು.” ಅವರ ಜೊತೆಗೆ ಬಂದಿದ್ದ ಸಣ್ಣ ಡಾಕ್ಟರ ಕೈಯಲ್ಲಿ ಆ ಔಷಧಿಯ ಸೂಜಿ ಸಿದ್ಧವಾಗಿತ್ತು.

ಇನ್ನೊಂಚೂರು ಕರವಸ್ತ್ರವಿದ್ದ ಜೇಬು ಮುಟ್ಟಿ ನೋಡಿಕೊಂಡ. ಅರ್ಧ ಮೊಟ್ಟೆಗೆಲ್ಲ ಊಟ ಬಿಡುವ ನಾಯಿಯಲ್ಲ ಇದು. ಹಾಗಿದ್ದರೆ ಬಾಯಿ ಬಿಟ್ಟು ಪ್ರಯೋಜನವೇನು? ಕೆಲಸ ಹೋಗುವುದಷ್ಟೇ. ಬಾಯಿ ಬಿಡದಿದ್ದರೆ? ಅವನು ಸೂಜಿ ನೋಡಿದ, ದೊರೆಯನ್ನು ನೋಡಿದ. ಚುರುಕಿಯನ್ನು ಎತ್ತಿ ತಂದ ತೋಳು ಈಗಲೂ ಭಾರವಾಗಿದ್ದಂತೆನಿಸಿತು.

“ಅಮ್ಮಾ, ನಾನು ದಿನಾ ಅರ್ಧ ಮೊಟ್ಟೆ ಹಾಕ್ತಿದ್ದೆ.”

“ನನಗೆ ಗೊತ್ತಿತ್ತು! ಆದ್ರೆ ಅರ್ಧ ಮೊಟ್ಟೆಗೆ ಇಷ್ಟೊಂದು ಊಟ ಬಿಡ್ತಾನೇನಪ್ಪಾ?”

ಬಾಗಿಲಲ್ಲಿ ನಿಂತ ಕಾವಲುಗಾರ ಕೆಮ್ಮಿದ. “ನಂದೊಂದು ಬ್ರೆಡ್ಡಿನ ಅಂಚು ಅಮ್ಮಾ. ಬರೀ ಅಂಚು.”

“ಅಂಚು ಅವನದಾದ್ರೆ ನಡುವಿಂದು ನಂದು,” ಎಂದಳು ಬಟ್ಟೆ ಒಗೆಯುವ ಹೆಂಗಸು, ಹೊದಿಕೆಗಳ ಗಂಟಿನ ಹಿಂದೆ ಮುಖ ಮರೆಸಿಕೊಂಡು. “ಬೆಣ್ಣೆ ಸವರಿರಲಿಲ್ಲ. ಒಂದೆರಡು ಸಲ ಬಿಟ್ರೆ.”

ಸಣ್ಣ ಡಾಕ್ಟರು ಸೂಜಿಯನ್ನು ಮೆಲ್ಲನೆ ಕೆಳಗಿಟ್ಟರು. “ನನ್ನ ಡಬ್ಬಿಯ ಕೋಳಿ, ಮೇಡಂ. ಮೂಳೆ ತೆಗೆದೇ ಹಾಕಿದ್ದೀನಿ.”

ಡಾಕ್ಟರಮ್ಮ ಕೆಂಡವಾದರು. “ನಾಚಿಕೆ ಆಗಲ್ವಾ ನಿಮಗೆಲ್ಲ? ಶಿಸ್ತು ಅನ್ನೋದು...”

ಅಷ್ಟರಲ್ಲಿ ದೊರೆ ಮೈ ಮುರಿದು ಎದ್ದ. ನಿಂತವರನ್ನೆಲ್ಲ ಬಿಟ್ಟು ನೆಟ್ಟಗೆ ಡಾಕ್ಟರಮ್ಮನ ಬಳಿಗೇ ಬಂದು, ಬಿಳಿ ಕೋಟಿನ ಬಲಗಡೆಯ ಜೇಬಿಗೆ ಮೂತಿ ತೂರಿಸಿದ. ಗುರುತಿನ ಅಂಗಡಿಗೆ ಬಂದ ಹಳೇ ಗಿರಾಕಿಯ ಹಾಗೆ ಬಾಲ ಬಡಿದ.

ಎಲ್ಲರ ಕಣ್ಣೂ ಆ ಜೇಬಿನ ಮೇಲೆ.

“ಒಂದೇ ಬಿಸ್ಕತ್ತು,” ಎಂದರು ಡಾಕ್ಟರಮ್ಮ ಕೊನೆಗೆ. “ಉಪ್ಪಿಲ್ಲದ್ದು.”

“ದಿನಾನಾ ಅಮ್ಮಾ?” ಇನ್ನೊಂಚೂರು ತೀರಾ ಮುಗ್ಧವಾಗಿ ಕೇಳಿದ.

“ಸ್ಟೆತಸ್ಕೋಪ್ ಕೊಡಿ ಇಲ್ಲಿ!”

ಅವರು ಬಹಳ ಹೊತ್ತು ಕಿವಿಗೊಟ್ಟರು. ಮತ್ತೆ ರಕ್ತ ತೆಗೆಸಿದರು, ಪರದೆಯ ಮೇಲೆ ಹೃದಯದ ಬಡಿತ ನೋಡಿದರು. ತಂಗಿಯ ಹೃದಯ ಅಣ್ಣನ ಎದೆಯಲ್ಲಿ ಸ್ವಂತ ಮನೆಯಲ್ಲಿದ್ದಂತೆ ಹಾಯಾಗಿತ್ತು. ಕೆಟ್ಟಿದ್ದು ಹೊಟ್ಟೆಯ ಲೆಕ್ಕ ಮಾತ್ರ. ಸೂಜಿ ಪೆಟ್ಟಿಗೆಗೆ ಮರಳಿತು.

“ಕೆಲಸದಿಂದ ತೆಗೆಯೋದಾದ್ರೆ ನನ್ನಿಂದಲೇ ಶುರು ಮಾಡ್ಬೇಕು,” ಎಂದರು ಅವರು, ಇನ್ನೊಂಚೂರಿನ ಕಡೆ ತಿರುಗಿ. “ನಾಳೆಯಿಂದ ಬಟ್ಟಲು ಒಂದೇ. ಕಾವಲು ನಿಂದು. ನಾನು ಬಂದ್ರೂ ಜೇಬು ನೋಡು.”

ಮರುದಿನ ದೊರೆ ಬಟ್ಟಲನ್ನು ಕನ್ನಡಿಯಂತೆ ನೆಕ್ಕಿದ. ಆಮೇಲೆ ತಲೆಯೆತ್ತಿ, ಹೋಟೆಲಿನಲ್ಲಿ ಹಸಿದ ಗಿರಾಕಿಗಳು ನೋಡಿ ಇನ್ನೊಂಚೂರನ್ನು ಕೆಡಿಸಿದ್ದ ಅದೇ ನೋಟದಿಂದ ನೋಡಿದ. ಇನ್ನೊಂಚೂರು ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡ.

“ಇಲ್ಲ, ಮಗಾ.”

ಆ ಮಾತು ಅವನ ಬಾಯಿಗೇ ಹೊಸದು. ದೊರೆ ನಂಬಲಿಲ್ಲ. ಮೂತಿಯಿಂದ ಬಟ್ಟಲನ್ನು ದೂಡಿದ. ಆಮೇಲೆ, ಹುಟ್ಟಿದಾಗಿನಿಂದ ದನಿ ಎತ್ತಲೂ ತ್ರಾಣವಿಲ್ಲದಿದ್ದ ಆ ನಾಯಿ, ನಾಲ್ಕೂ ಕಾಲೂರಿ ಹಜಾರವೆಲ್ಲ ಮೊಳಗುವಂತೆ ಅವನಿಗೆ ಬೊಗಳಿತು; ಗೇಟಿನ ಬಳಿ ಚುರುಕಿ ಬೊಗಳುತ್ತಿದ್ದ ಹಾಗೆಯೇ.

ಇನ್ನೊಂಚೂರು ಕಟ್ಟಿದ ಕೈ ಬಿಚ್ಚಲಿಲ್ಲ, ಕಣ್ಣೂ ಒರೆಸಿಕೊಳ್ಳಲಿಲ್ಲ.

“ಬೈಯಿ ದೊರೆ,” ಎಂದ. “ಇನ್ನೊಂಚೂರು ಬೈಯಿ.”