ಡೋಲಿನ ಹಿಂದಿನ ದನಿ

ಅತ್ತೆಯವರನ್ನು ಮೆಚ್ಚಿಸಲು ಕಾರಿಗೆ ಈಕ್ವಲೈಜರ್ ಹಾಕಿಸಿದ ಅಳಿಯ ತಾಳವಾಡಿ ಸೀಮೆಯಲ್ಲಿ ನಾನೊಬ್ಬನೇ ಇರಬೇಕು. (ನಗಬೇಡಿ. ಪೂರ್ತಿ ಓದಿ.)

ನಮ್ಮ ಮದುವೆಯ ಸೋಬಾನೆ ಪದದ್ದೊಂದು ಕ್ಯಾಸೆಟ್ ಇದೆ. ಧಾರೆಯ ಹೊತ್ತಿನಲ್ಲಿ ಯಾರೋ ಪುಣ್ಯಾತ್ಮರು ಟೇಪ್‌ರೆಕಾರ್ಡರನ್ನು ಡೋಲಿನವನ ಪಕ್ಕದಲ್ಲೇ ಇಟ್ಟುಬಿಟ್ಟಿದ್ದರು. ಹನ್ನೆರಡು ವರ್ಷದಿಂದ ನಾವು ಕೇಳುತ್ತಿರುವುದು ಬರೀ ಡೋಲು. ಹಿಂದೆಲ್ಲೋ ಒಂದು ಹೆಣ್ಣುದನಿ. "ಅದು ನಂದೇ ಕಣ್ರಪ್ಪ, ಧಾರೆ ಮುಗಿಯೋಗಂಟ ಪದ ಏಳ್ದೋಳು ನಾನೇಯ" ಎಂದು ಪಣಕಹಳ್ಳಿಯ ನಮ್ಮತ್ತೆ ಸಿಕ್ಕವರಿಗೆಲ್ಲ ಹೇಳುತ್ತಾರೆ. ಆ ದನಿಯನ್ನು ಒಮ್ಮೆ ಸರಿಯಾಗಿ ಕೇಳಬೇಕೆಂಬುದು ಅವರ ಆಸೆ.

ಫಿಟ್ಟರ್ ಅರ್ಧ ದಿನ ಡ್ಯಾಶ್‌ಬೋರ್ಡ್ ಬಿಚ್ಚಿ, ವೈರೆಳೆದು, ಮೇಲೆ ಕೆಳಗೆ ಜಾರುವ ಏಳು ಗುಂಡಿಗಳ ಪೆಟ್ಟಿಗೆ ಕೂರಿಸಿದ. "ಎಡಗಡೆ ಬಾಸ್, ಬಲಗಡೆ ಟ್ರೆಬಲ್, ನಡುವೆ ಮನುಷ್ಯರ ವಾಯ್ಸು. ಅವ್ಳೋದಾ ಸಾರ್!"

ಅಷ್ಟೇ ಅಂತೆ! ಒಂದು ಏರಿಸಿದರೆ ಡೋಲು ಎದೆಗೆ ಗುದ್ದಿತು. ಇನ್ನೊಂದು ಏರಿಸಿದರೆ ಬರೀ ಬಳೆ ಸದ್ದು. ಎಲ್ಲವನ್ನೂ ಇಳಿಸಿದರೆ ಮದುವೆಯೇ ಮಾಯ. ನನಗೆ ತಲೆಬುಡ ತಿಳಿಯಲಿಲ್ಲ.

ಭಾನುವಾರ ಅತ್ತೆಯವರನ್ನು ಊರಿಗೆ ಬಿಡಲು ಹೊರಟೆವು. ಅವರು ಹಿಂದಿನ ಸೀಟಿನಲ್ಲಿ, ಹೆಂಡತಿ ನನ್ನ ಪಕ್ಕದಲ್ಲಿ. ಕ್ಯಾಸೆಟ್ ಹಾಕಿದೆ. ಹೆಂಡತಿ ಒಂದೊಂದೇ ಗುಂಡಿ ಎಳೆಯುತ್ತಾ ಹೋದಳು. ಇದ್ದಕ್ಕಿದ್ದಂತೆ ಡೋಲು ಹಿಂದೆ ಸರಿಯಿತು.

ಮೊದಲೆರಡು ಸಾಲು ಅತ್ತೆಯದೇ. ಮೂರನೆಯ ಸಾಲಿಗೆ ಕ್ಯಾಸೆಟ್ಟಿನ ಆ ದನಿ ನಿಂತೇಹೋಯಿತು. ಬಿಕ್ಕಿದ್ದು ಸ್ಪಷ್ಟವಾಗಿ ಕೇಳಿಸಿತು. ಆ ಕೂಡಲೇ ಇನ್ನೊಂದು ದನಿ ಪದವನ್ನು ಎತ್ತಿಕೊಂಡಿತು. ಮುಗಿಯುವವರೆಗೂ ಬಿಡಲಿಲ್ಲ.

"ಅವ್ವ, ಇದು ಚಿಕ್ಕವ್ವ ಅಲ್ವಾ?" ಎಂದಳು ಹೆಂಡತಿ.

ಚಿಕ್ಕವ್ವ ಎಂದರೆ ಅತ್ತೆಯ ಓರಗಿತ್ತಿ ರಾಜಮ್ಮ. ಹಿತ್ತಿಲು ಭಾಗವಾಗಿ, ಮನೆಗೆ ನಡುಗೋಡೆ ಎದ್ದ ಮೇಲೆ ಇಬ್ಬರಿಗೂ ಆರು ವರ್ಷದಿಂದ ಮಾತಿಲ್ಲ.

ಧಾರೆಯ ಸೋಬಾನೆ ನಡುವೆ ನಿಲ್ಲಬಾರದು, ನಿಂತರೆ ಮದುಮಗಳಿಗೆ ಒಳ್ಳೆಯದಲ್ಲ ಎಂದು ನಮ್ಮ ಹೆಂಗಸರು ನಂಬುತ್ತಾರೆ. ಅಂದು ಅದು ನಿಲ್ಲದಂತೆ ನೋಡಿಕೊಂಡವರು ಯಾರೆಂದು ಈಗ ಗೊತ್ತಾಯಿತು. (ಕೈಯೊಡ್ಡಿ ನಿಂತಿದ್ದ ಮದುಮಗ ನಾನೇ. ನನಗೂ ತಿಳಿದಿರಲಿಲ್ಲವಲ್ಲ! ನಾಚಿಕೆಯಾಯಿತು.)

"ಮೊದ್ಲಿದ್ದಂಗೇ ಮಾಡ್ಬುಡಿ ಅಳಿಯಂದ್ರೆ" ಎಂದರು ಅತ್ತೆ.

ಮಾಡಿದೆ. ಮತ್ತೆ ಡೋಲು.

ಎರಡು ತಿರುವು ದಾಟಿರಲಿಲ್ಲ. "ಇನ್ನೊಂದ್ಸಲ ಆಕಿ."

ಹಾಕಿದೆ. "ವಸಿ ಜೋರಾಗಿ."

ಇದು ಕೋಪವೋ, ದುಃಖವೋ? ಕನ್ನಡಿಯಲ್ಲಿ ನೋಡಿದೆ. ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡಿದ್ದರು. ಆಮೇಲೆ ಮಗಳಿಗೆ ಹೇಳಿದರು: "ಪೂರಾ ನಾನೇ ಏಳ್ದೆ ಅನ್ಕಂಡಿದ್ನಲ್ಲವ್ವ. ಊರೆಲ್ಲ ಏಳ್ಕಂಡೂ ಬಂದೆ. ಅವ್ಳು ಒಂದಿನಾನೂ ಬಾಯ್ ಬುಡ್ನಿಲ್ಲ ಕಣವ್ವ."

ಪಣಕಹಳ್ಳಿ ಬಂತು. ಅತ್ತೆ ನನ್ನಿಂದ ಕ್ಯಾಸೆಟ್ ಇಸಿದುಕೊಂಡರು. ತಮ್ಮ ಬಾಗಿಲಲ್ಲಿ ನಿಲ್ಲದೆ ಮುಂದೆ ನಡೆದರು. ಪಕ್ಕದ ಬಾಗಿಲಲ್ಲಿ ನಿಂತು, "ರಾಜಮ್ಮಿ, ಇದ ವಸಿ ಕೇಳ್ಬಾ" ಎಂದು ಕರೆದರು.

ಆ ಮನೆಯಲ್ಲಿ ಟೇಪ್‌ರೆಕಾರ್ಡರೇ ಇಲ್ಲ ಎಂದು ನಾನು ಕೂಗಿ ಹೇಳಬೇಕಿತ್ತೇ?