ಗಿಳಿಯ ಕತ್ತು ಮತ್ತು ಬೆಟ್ಟದ ಕಾವು

ಮಧುಗಿರಿಯಲ್ಲಿ ಏನೇ ಕೆಟ್ಟರೂ ಆರೋಪಿ ಒಬ್ಬನೇ. ಬೆಟ್ಟ.

ಮೊಸರು ಹುಳಿಯಾಯಿತೇ? ಬೆಟ್ಟದ ಕಾವು. ಮೊಬೈಲ್ ಹ್ಯಾಂಗ್ ಆಯಿತೇ? ಬೆಟ್ಟದ ಕಾವು. ಬಂಡೆ ಹಗಲೆಲ್ಲ ಕಾಯುತ್ತದೆ, ಕಾದದ್ದನ್ನು ಊರಿನ ಮೇಲೆ ಉಗುಳುತ್ತದೆ, ಊರಿನ ಸಾಮಾನೆಲ್ಲ ಕೆಡುತ್ತದೆ. ಇದು ನಮ್ಮಲ್ಲಿ ಸರ್ವರೂ ಒಪ್ಪಿದ ಸಿದ್ಧಾಂತ. (ಪಾವಗಡದವರು ಕೇಳಿದರೆ ನಗುತ್ತಾರೆ. ಬಿಸಿಲನ್ನೇ ಕರೆಂಟ್ ಮಾಡಿ ಊರೂರಿಗೆ ಕಳಿಸುವ ತಾಲ್ಲೂಕು ಅದು.)

ಹಾಗಾಗಿ ಚಿಕ್ಕಪ್ಪನ ಮೆಷಿನ್ನು ಗಿಳಿಯ ತಲೆಯನ್ನು ಅದರ ಬೆನ್ನ ಮೇಲೆ ಕೊರೆದಿಟ್ಟಾಗ, ಪಕ್ಕದ ಮನೆಯ ಗಂಗಕ್ಕ ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟರು. "ಬೆಟ್ಟದ ಕಾವು ಕಣಮ್ಮ. ಆ ಕಾವಿಗೆ ಮನುಷ್ಯರ ತಲೇನೇ ನೆಟ್ಟಗೆ ನಿಲ್ಲಾಕಿಲ್ಲ, ಇನ್ನು ಗಿಳೀದು ನಿಲ್ತದಾ?"

"ಗಂಗಕ್ಕ, ಸಂಕ್ರಾಂತಿ ಇನ್ನೂ ಬಂದಿಲ್ಲ. ನೀವೇ ಶಾಲು ಹೊದ್ಕೊಂಡು ನಿಂತಿದ್ದೀರಿ. ಮೆಷಿನ್ನಿಗೆ ಮಾತ್ರ ಬೇಸಿಗೆನಾ?"

"ವಾದ ಮಾಡಾಕೇ ಹುಟ್ಟವ್ಳೆ ಇವ್ಳು" ಎಂದು ಶಾಲು ಬಿಗಿ ಮಾಡಿಕೊಂಡು ಹೋದರು. ವಾದ ಗೆದ್ದೆ. ಆದರೆ ಗಿಳಿಯ ತಲೆ ಬೆನ್ನ ಮೇಲೆಯೇ ಇತ್ತು.

ವಿಷಯ ಇಷ್ಟು. ಚಿಕ್ಕಪ್ಪ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ಬಿಡಿಭಾಗಗಳ ಕಿಟ್ ತರಿಸಿ, ತಾವೇ ಜೋಡಿಸಿದ ಪುಟ್ಟ ಸಿಎನ್‌ಸಿ ಮೆಷಿನ್ ಅವರ ಹತ್ತಿರ ಇದೆ. ಕಂಪ್ಯೂಟರಿನಲ್ಲಿ ಚಿತ್ರ ಬರೆದು ಕೊಟ್ಟರೆ ಅದೇ ಗೆರೆಯಲ್ಲಿ ಮರ ಕೊರೆಯುತ್ತದೆ. ಚಿಕ್ಕಮ್ಮ ಪ್ರತಿ ಸಂಕ್ರಾಂತಿಗೂ ಮನೆಯಲ್ಲೇ ಸಕ್ಕರೆ ಅಚ್ಚು ಹುಯ್ಯುವವಳು. ಚನ್ನರಾಯನದುರ್ಗದ ತವರಿನಿಂದ ಬಂದ ಅವಳ ಮರದ ಗಿಳಿ ಅಚ್ಚು ಹೋದ ಸಲ ಸೀಳಿಹೋಯಿತು. ಅಂಗಡಿಯ ಅಚ್ಚು ತಂದುಕೊಟ್ಟರೆ, "ಇದು ಗಿಳಿನಾ? ಕೆಮ್ಮು ಬಂದಿರೋ ಕಾಗೆ ಇದ್ದಂಗೈತೆ" ಎಂದು ವಾಪಸ್ ಮಾಡಿದಳು.

ಆಗ ಚಿಕ್ಕಪ್ಪ ಎದೆ ತಟ್ಟಿಕೊಂಡರು. ಸೀಳಿದ ಅಚ್ಚನ್ನೇ ನೋಡಿ ಗಿಳಿಯ ಚಿತ್ರ ಬರೆದರು. ಅಚ್ಚಿಗೆ ಎರಡು ಹೋಳು. ಎರಡೂ ಕೂದಲೆಳೆ ಆಚೀಚೆ ಆಗದಂತೆ ಕೂಡಬೇಕು. ಮರ ಎಲ್ಲಿಂದ? ತವರಿನ ಹಳೆಯ ಬಾಗಿಲು ಬದಲಿಸಿದಾಗ ಚಿಕ್ಕಮ್ಮ ಜೋಪಾನವಾಗಿ ತಂದಿಟ್ಟುಕೊಂಡಿದ್ದ ಹಲಗೆಯ ಮೂರು ತುಂಡು. ಬೆಳಿಗ್ಗೆ ಮೊದಲ ಹೋಳು ಚೆನ್ನಾಗಿ ಬಂತು. ಮಧ್ಯಾಹ್ನ ಎರಡನೆಯದರಲ್ಲಿ ಕತ್ತು ಜರುಗಿತು. ಉಳಿದದ್ದು ಒಂದೇ ತುಂಡು. ಆ ಬಾಗಿಲು ಮತ್ತೆ ಹುಟ್ಟುವುದಿಲ್ಲ.

"ನೋಡು, ಬೆಳಿಗ್ಗೆ ಸರಿಯಿತ್ತು, ಮಧ್ಯಾಹ್ನ ಕೆಡ್ತು. ಬಿಸಿಲಲ್ದೆ ಇನ್ನೇನು?" ಇದು ಚಿಕ್ಕಪ್ಪ.

ಮಧ್ಯಾಹ್ನ ಎಂದರೆ ಬಿಸಿಲು ಮಾತ್ರವೇ? ಬೆಳಗಿನಿಂದ ಮೆಷಿನ್ ಬಿಡುವಿಲ್ಲದೆ ಓಡಿದೆ ಎಂಬ ಅರ್ಥವೂ ಅದಕ್ಕಿದೆಯಲ್ಲ! ಕಾಲೇಜಿನ ಚರ್ಚಾ ಸ್ಪರ್ಧೆಯಲ್ಲಿ ಇಂಥ ಮಾತಿಗೆ ಚಪ್ಪಾಳೆ ಬರುತ್ತಿತ್ತು. ಇಲ್ಲಿ ಚಿಕ್ಕಮ್ಮ ಒಂದು ಲೋಟ ಕಾಫಿ ಕೊಟ್ಟು, "ಕುಡ್ದು ಸುಮ್ನೆ ಕೂತ್ಕೊ" ಎಂದಳು.

ಸುಮ್ಮನೆ ಕೂರಲಾಗಲಿಲ್ಲ. ಮೆಷಿನ್ನಿನ ಬಗ್ಗೆ ಓದಿದೆ. ಅದರ ಮೋಟರುಗಳನ್ನು ಹೆಜ್ಜೆ ಹೆಜ್ಜೆಯಾಗಿ ನಡೆಸುವುದು ಡ್ರೈವರ್ ಎಂಬ ಚಿಪ್. ಕಿರುಬೆರಳ ಉಗುರಿನಷ್ಟು ಗಾತ್ರ. ಶಾಖ ಹೊರಹೋಗಲೆಂದು ಅದರ ಮೇಲೆ ಬಾಚಣಿಗೆಯ ಹಲ್ಲಿನಂಥ ಅಲ್ಯೂಮಿನಿಯಂ ತುಂಡು ಅಂಟಿಸಿರುತ್ತಾರೆ. ಮಿತಿ ಮೀರಿ ಬಿಸಿಯಾದರೆ ಈ ಚಿಪ್ ತನ್ನ ಜೀವ ಉಳಿಸಿಕೊಳ್ಳಲು ಸ್ವಲ್ಪ ಹೊತ್ತು ಕೆಲಸ ನಿಲ್ಲಿಸುತ್ತದೆ. ತಣ್ಣಗಾದರೆ ಮತ್ತೆ ಶುರು.

ಮಜಾ ಇರುವುದು ಇಲ್ಲಿ. ಚಿಪ್ ನಿದ್ದೆ ಹೋದದ್ದು ಕಂಪ್ಯೂಟರಿಗೆ ಗೊತ್ತೇ ಆಗುವುದಿಲ್ಲ. ಅದು ಹೆಜ್ಜೆ ಹಾಕು, ಹೆಜ್ಜೆ ಹಾಕು ಎಂದು ಆರ್ಡರ್ ಕಳಿಸುತ್ತಲೇ ಇರುತ್ತದೆ. ಮೋಟರ್ ನಡೆಯಿತೋ ಇಲ್ಲವೋ ಎಂದು ತಿರುಗಿ ಕೇಳುವ ಪದ್ಧತಿಯೇ ಈ ಮೆಷಿನ್ನಿನಲ್ಲಿಲ್ಲ. ನಾನು ಹೇಳಿದ್ದೇನೆ, ಆಗಿರುತ್ತದೆ. (ಇಂಥ ಮೇಲಧಿಕಾರಿಗಳು ನಿಮಗೂ ಸಿಕ್ಕಿರಬೇಕು.) ಹೀಗೆ ತಪ್ಪಿದ ಹೆಜ್ಜೆಗಳ ಲೆಕ್ಕ ಕೊನೆಗೆ ಗಿಳಿಯ ಕತ್ತಿನಲ್ಲಿ ಕಾಣಿಸುತ್ತದೆ.

ಚಿಕ್ಕಪ್ಪ ಚಿಪ್ಪೇ ಸುಟ್ಟಿದೆ ಎಂದು ತೀರ್ಮಾನಿಸಿ ಹೊಸದು ತರಿಸಿದರು. ಪ್ಲಗ್ ಕಿತ್ತು, ಹಳೆಯದನ್ನು ಮೆಲ್ಲಗೆ ಎಬ್ಬಿಸಿ, ಹೊಸದನ್ನು ಅದೇ ದಿಕ್ಕಿಗೆ ಕೂರಿಸಿದರು. (ಉಲ್ಟಾ ಕೂರಿಸಿದರೆ ಹೊಗೆಯೇ.) ಹೊಸ ಸಾಮಾನು ಬಂತೆಂದು ಚಿಕ್ಕಮ್ಮ ಚಿಪ್ ಕೂತ ಡಬ್ಬದ ಹಣೆಗೆ ಕುಂಕುಮ ಇಟ್ಟಳು. ಪ್ಲೈವುಡ್ ಚೂರಿನ ಮೇಲೆ ಪರೀಕ್ಷೆ ನಡೆಯಿತು. ಗಿಳಿಯ ಕತ್ತು ಮತ್ತೆ ಜರುಗಿತು.

ಎರಡು ಚಿಪ್ಪಿಗೂ ಒಂದೇ ಕಾಯಿಲೆ ಎಂದರೆ ತಪ್ಪು ಚಿಪ್ಪಿನದೇ? ನನ್ನ ಕಣ್ಣು ಆ ಡಬ್ಬದ ಮೇಲೆ ಬಿತ್ತು. ಚಿಪ್ಪು, ತಂತಿ, ಫ್ಯಾನು ಎಲ್ಲ ಇರುವ ಡಬ್ಬ. ಅದಕ್ಕೆ ಚಿಕ್ಕಮ್ಮ ಹೊಲಿದ ಕವರ್! ನಮ್ಮ ಮನೆಗಳ ಕಾಯಿಲೆ ನಿಮಗೆ ಗೊತ್ತಲ್ಲ. ಟಿವಿಗೆ ಕವರ್, ಮಿಕ್ಸಿಗೆ ಕವರ್, ಫ್ರಿಜ್ಜಿನ ಹಿಡಿಗೂ ಕವರ್.

"ಚಿಕ್ಕಮ್ಮ, ನೀನು ಚಿಪ್ಪಿಗೆ ಕಂಬಳಿ ಹೊದಿಸಿದ್ದೀಯ."

"ಬುಡ್ತೀನಾ ಮತ್ತೆ? ಮರದ ಧೂಳೆಲ್ಲ ಒಳಕ್ಕೋದ್ರೆ ನೀನು ಬಂದು ಒರೆಸ್ತೀಯಾ?"

"ಉಸಿರು ಕಟ್ಟುತ್ತೆ ಅದಕ್ಕೆ."

"ಅಂಗಾರೆ ಕವರ್ರೂ ತೆಗಿ, ಮುಚ್ಚಳಾನೂ ತೆಗಿ. ಆದ್ರೆ ನಿನ್ನ ವಾದ ಪ್ಲೈವುಡ್ ಮೇಲೆ ತೋರ್ಸು. ನಮ್ಮವ್ವನ ಬಾಗ್ಲು ಮುಟ್ಟಬ್ಯಾಡ."

ತೆಗೆದೆ. ಎರಡನ್ನೂ. ಡಬ್ಬ ಬಯಲಾಯಿತು. ಗೆದ್ದ ಮುಖ ಮಾಡಿಕೊಂಡು ಕೂತೆ. ಮೆಷಿನ್ ಓಡಿತು. ಈ ಸಲ ಕತ್ತಿನವರೆಗೂ ಹೋಗಲಿಲ್ಲ. ಬಾಲದಲ್ಲೇ ಹೆಜ್ಜೆ ತಪ್ಪಿತು!

ಮುಚ್ಚಿದ್ದಾಗಿನದಕ್ಕಿಂತ ತೆರೆದಾಗ ಬೇಗ ಕೆಟ್ಟಿತು. ಇದು ಹೇಗೆ ಸಾಧ್ಯ? ಚಿಕ್ಕಪ್ಪ ನಕ್ಕರು. ಚಿಕ್ಕಮ್ಮ ನಗಲಿಲ್ಲ, ಉಳಿದ ಒಂದು ತುಂಡನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ನಿಜ ಹೇಳಲೇ? ಸೋತದ್ದಕ್ಕೆ ಬೇಜಾರಾಗಲಿಲ್ಲ, ತಲೆ ಚುರುಕಾಯಿತು. ಗಾಳಿ ಕಣ್ಣಿಗೆ ಕಾಣುವುದಿಲ್ಲ. ಕಾಣುವಂತೆ ಮಾಡುವುದು ಹೇಗೆ? ದೇವರ ಮನೆಯಿಂದ ಊದುಬತ್ತಿ ತಂದು ಹಚ್ಚಿದೆ. "ಅಯ್ಯೋ, ದೇವರಿಗೆ ಕೈ ಮುಗೀದೋಳು ಮಿಷನ್ಗೆ ಊದುಬತ್ತಿ ಬೆಳಗ್ತಾವ್ಳೆ ಬಾರಕ್ಕ" ಎಂದು ಚಿಕ್ಕಮ್ಮ ಗಂಗಕ್ಕನನ್ನು ಕರೆದಳು.

ಮುಚ್ಚಳ ತೆರೆದಾಗ ಹೊಗೆ ಚಿಪ್ಪಿನ ಹತ್ತಿರವೂ ಸುಳಿಯದೆ ನೆಟ್ಟಗೆ ಸೂರಿಗೆ ಹೋಯಿತು. ಫ್ಯಾನು ತನ್ನ ಪಾಡಿಗೆ ಹೊರಗಿನ ಗಾಳಿಯನ್ನೇ ಎಳೆದು ಹೊರಗೇ ಬಿಡುತ್ತಿತ್ತು. ಮುಚ್ಚಳ ಹಾಕಿದೆ. ಈಗ ಹೊಗೆ ಒಳಗೆ ನುಗ್ಗಿತು. ಆದರೆ ಫ್ಯಾನಿನ ಪಕ್ಕದ ಸಂದಿಯಿಂದ ನುಗ್ಗಿ, ಅಲ್ಲೇ ಹೊರಗೆ. ಚಿಪ್ಪಿದ್ದ ಕಡೆಯ ತೂತುಗಳ ಮುಂದೆ ಊದುಬತ್ತಿ ಹಿಡಿದರೆ ಹೊಗೆ ಅಲುಗಲೇ ಇಲ್ಲ. ಬಗ್ಗಿ ನೋಡಿದರೆ ಆ ತೂತುಗಳ ಮೇಲೆ ನೀಟಾಗಿ ಟೇಪು.

"ಇದನ್ನ ಯಾರು ಅಂಟಿಸಿದ್ದು?"

ಚಿಕ್ಕಪ್ಪ ಕೆಮ್ಮಿದರು. "ಯುಪಿಎಸ್ ಒಳಗೆ ಹಲ್ಲಿ ಹೋಗಿ ಸತ್ತಿತ್ತಲ್ಲಮ್ಮ. ಅದಕ್ಕೇಯ, ಇದಕ್ಕೆ ಮೊದ್ಲೇ ಒಂದು ಮುಂಜಾಗ್ರತೆ..."

ಚಿಕ್ಕಮ್ಮನ ಮುಖ ನೋಡಬೇಕಿತ್ತು. "ನನ್ ಕವರ್ಗೆ ಬೈದ್ರಲ್ಲ? ಹಲ್ಲಿಗೆ ಎದರ್ಕಂಡು ಗಿಳಿ ಕತ್ತು ಮುರ್ದವ್ರು ನಮ್ ಮೇಷ್ಟ್ರೇ!"

ಟೇಪು ಕಿತ್ತೆ. ಹಲ್ಲಿ ಹೋಗದಂತೆ ಅಲ್ಲಿ ಸೊಳ್ಳೆಪರದೆಯ ಚೂರು ಅಂಟಿಸಿದೆ. ಫ್ಯಾನಿನ ಪಕ್ಕದ ಸಂದಿ ಮುಚ್ಚಿದೆ. ಮತ್ತೆ ಊದುಬತ್ತಿ. ಹೊಗೆ ಆ ಕಡೆಯಿಂದ ಒಳಗೆ ಹೋಗಿ, ಅಲ್ಯೂಮಿನಿಯಂ ಹಲ್ಲುಗಳ ನಡುವೆ ಹಾದು, ಫ್ಯಾನಿನಿಂದ ಹೊರಬಂತು. ಎಷ್ಟು ಚೆಂದ! ಬರೀ ತೆರೆದಿಟ್ಟರೆ ತಣ್ಣಗಾಗುವುದಿಲ್ಲ, ಗಾಳಿಗೊಂದು ದಾರಿ ಬೇಕು. ಕವರನ್ನೂ ಮರ್ಯಾದೆಯಿಂದ ಮೊದಲಿನಂತೆ ಹೊದಿಸಿದೆ. ಅದು ಮೇಲ್ಭಾಗವನ್ನಷ್ಟೇ ಮುಚ್ಚುತ್ತಿತ್ತು, ಪಾಪ.

ಪ್ಲೈವುಡ್ಡಿನ ಗಿಳಿ ಕತ್ತಿನ ಸಮೇತ ಬಂತು. ಚಿಕ್ಕಮ್ಮ ಬೀರುವಿನ ಬೀಗ ತೆಗೆದಳು. ತವರಿನ ಕೊನೆಯ ತುಂಡು ಮೆಷಿನ್ನಿಗೆ ಹೋಯಿತು. ಬಾಲ ಬಂತು, ರೆಕ್ಕೆ ಬಂತು. ಕತ್ತು ಬರುವಾಗ ಅವಳು ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿದ್ದಳು. ಒಂದು ಕೂದಲು ಜರುಗಿದರೂ ಆರಿಸಿಬಿಡುವವಳಂತೆ. ಜರುಗಲಿಲ್ಲ. ಎರಡು ಹೋಳು ಕೂಡಿಸಿ ಬೆಳಕಿಗೆ ಹಿಡಿದು ನೋಡಿದಳು. ಸಂದಿಯಲ್ಲಿ ಬೆಳಕು ಬರಲಿಲ್ಲ. ಸಕ್ಕರೆ ಪಾಕಕ್ಕೆ ಒಲೆ ಹಚ್ಚಿದಳು.

ಇಲ್ಲಿಗೆ ಮುಗಿಸಬಹುದಿತ್ತು. ಊರೆಲ್ಲ ನಾನು ಊದುಬತ್ತಿಯಿಂದ ಮೆಷಿನ್ ರಿಪೇರಿ ಮಾಡಿದ ಕತೆ ಹಬ್ಬಿದೆ. ಆ ಕತೆಯ ಮೇಲೇ ನನಗೀಗ ಅನುಮಾನ. ಯಾಕೆ ಅಂದರೆ, ಮೊನ್ನೆ ಎಳ್ಳಿನ ತಟ್ಟೆ ಮುಂದಿಟ್ಟುಕೊಂಡು ಕೂತಾಗ ಚಿಕ್ಕಪ್ಪ ಮಾತಿನ ಮಧ್ಯೆ ಅಂದರು: "ಚಿಪ್ಪಿನ ಪಕ್ಕದ ಸಣ್ಣ ಸ್ಕ್ರೂ ನಾನು ಒಂಚೂರು ತಿರುಗ್ಸಿದ್ದೆ ಬುಡು. ಮೋಟರ್ಗೆ ಹೋಗೋ ಕರೆಂಟು ಕಮ್ಮಿ ಆಗ್ಲಿ ಅಂತ."

ಕರೆಂಟು ಕಮ್ಮಿಯಾದರೆ ಚಿಪ್ಪಿನ ಬಿಸಿಯೂ ಕಮ್ಮಿ! ಹಾಗಾದರೆ ಗಿಳಿಯ ಕತ್ತು ಉಳಿಸಿದ್ದು ಗಾಳಿಯೋ, ಸ್ಕ್ರೂವೋ? "ಕುಂಕುಮ ಮರೀಬ್ಯಾಡ, ಆವತ್ತು ಎಲ್ಡನೇ ಕಿತ ನಾನು ದೊಡ್ಡದಾಗಿ ಇಟ್ಟಿದ್ದೆ" ಎಂದಳು ಚಿಕ್ಕಮ್ಮ. ಗಂಗಕ್ಕನ ಪ್ರಕಾರ ಅಂದು ಮೋಡವಿತ್ತು, ಬೆಟ್ಟ ತಣ್ಣಗಿತ್ತು.

ನಮ್ಮ ಮನೆಯ ಜ್ವರಗಳು ಹೋಗುವುದೂ ಹೀಗೇ ಅಲ್ಲವೇ? ಮಾತ್ರೆ, ಕಷಾಯ, ದೃಷ್ಟಿ ಎಲ್ಲ ಒಂದೇ ದಿನ. ಬಿಟ್ಟಿತಲ್ಲ, ಸಾಕು, ಯಾತರಿಂದ ಬಿಟ್ಟಿತೆಂದು ಯಾಕೆ ಕೇಳುತ್ತೀಯ ಅನ್ನುತ್ತಾರೆ. ಯಾಕೆಂದರೆ ಜ್ವರ ಮತ್ತೆ ಬರುತ್ತದೆ. ಆಗ ಏನು ಮಾಡಬೇಕೆಂದು ಗೊತ್ತಿರಬೇಡವೇ?

ಸ್ಕ್ರೂ ತಿರುಗಿಸಿದ ಮೇಲೂ ಕತ್ತು ಜರುಗಿದ್ದರೆ, ಉಳಿಸಿದ್ದು ಗಾಳಿಯೇ. ಚಿಕ್ಕಪ್ಪನನ್ನು ನೇರವಾಗಿಯೇ ಕೇಳಿದೆ. ಅವರು ತಟ್ಟೆಯಿಂದ ಒಂದು ಸಕ್ಕರೆ ಗಿಳಿ ಎತ್ತಿಕೊಂಡು, ತಲೆ ಕಚ್ಚಿ, ಕಿಟಕಿಯಾಚೆ ಬೆಟ್ಟ ನೋಡುತ್ತ ಅಗಿಯತೊಡಗಿದರು. ಈ ಅಂಕಣವನ್ನಂತೂ ಅವರು ಓದುತ್ತಾರೆ. ಆದ್ದರಿಂದ ನಿಮ್ಮೆಲ್ಲರ ಎದುರಿಗೆ ಇನ್ನೊಮ್ಮೆ:

ಚಿಕ್ಕಪ್ಪ, ಆ ಸ್ಕ್ರೂ ತಿರುಗಿಸಿದ್ದು ನಾನು ಟೇಪು ಕೀಳುವುದಕ್ಕೆ ಮುಂಚೆಯೋ, ಆಮೇಲೋ?