ಕೆನ್ನೆಗೆ ಮೆತ್ತಿದ ಅಂಟು

ಯರಗುಪ್ಪಿಯಲ್ಲಿ ಊರವರು ಆಡುವ ನಾಟಕಗಳ ನಟರಿಗೆ ನಾನೇ ಬಣ್ಣ ಹಚ್ಚುತ್ತಿದ್ದೆ. ಒಂದು ನಾಟಕದಲ್ಲಿ ಸೊಸೆಯ ಕೆನ್ನೆ ಸುಟ್ಟಂತೆ ಕಾಣಬೇಕಿತ್ತು. ಸೊಸೆಯ ಪಾತ್ರ ಮಾಡಿದವಳು ನಮ್ಮೂರ ಅಂಗನವಾಡಿ ಟೀಚರ್. ಬಡಗಿಗಳು ಕಟ್ಟಿಗೆಗೆ ಬಳಸುವ ಅಂಟಿನಲ್ಲಿ ಹತ್ತಿ ಅದ್ದಿ ಅವಳ ಕೆನ್ನೆಗೆ ಮೆತ್ತಿ, ಮೇಲೆ ಕೆಂಪು ಪೇಂಟ್ ಬಳಿದೆ.

"ಭಾಳ ಉರಿಯಾಕತ್ತೇತ್ರಿ ಅಕ್ಕಾರ," ಎಂದಳು.

"ಒಂದ ಸೀನ್ ಐತಿ, ತಡಕೋ ತಂಗಿ," ಎಂದೆ.

ವೇದಿಕೆಯ ಮೇಲೆ ಅವಳು ನಿಜವಾಗಿಯೇ ಅತ್ತಳು. ಜನ ಅಭಿನಯವೆಂದುಕೊಂಡು ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಆಮೇಲೆ ಹತ್ತಿ ತೆಗೆದಾಗ ಚರ್ಮವೂ ಕಿತ್ತು ಬಂತು. ಕಲೆ ಉಳಿಯಿತು.

ಈಗ ಚರ್ಮಕ್ಕೆಂದೇ ಮಾಡಿದ ಅಂಟು, ಬಣ್ಣಗಳನ್ನಷ್ಟೇ ಹುಬ್ಬಳ್ಳಿಯಿಂದ ತರಿಸುತ್ತೇನೆ. ಅವನ್ನೂ ಮೊದಲು ನಟರ ಮೊಣಕೈಯ ಒಳಬದಿಗೆ ಚೂರು ಹಚ್ಚಿ, ಉರಿಯುತ್ತದೆಯೇ ಎಂದು ಒಂದು ದಿನ ಕಾಯುತ್ತೇನೆ. ಆದರೂ ಎಲ್ಲೇ ಚಪ್ಪಾಳೆ ಬಿದ್ದರೂ ಅದರೊಳಗೆ ಅವಳ ಅಳು ಕೇಳಿಸುತ್ತದೆ.

ಹೋದ ವರ್ಷ ಅವಳು ಮಗಳನ್ನು ಕರೆದುಕೊಂಡು ಬಂದಳು. ಶಾಲೆಯ ನಾಟಕದಲ್ಲಿ ಹುಡುಗಿಗೆ ಮುದುಕಿಯ ಪಾತ್ರ, ಅಂಟಿನಿಂದ ಮುಖಕ್ಕೆ ಸುಕ್ಕು ಮೂಡಿಸಬೇಕಿತ್ತು. ನಾನು ತಾಯಿಯ ಮುಖ ನೋಡಲಾರದೆ ತಲೆ ತಗ್ಗಿಸಿದೆ.

"ನೀವ ಹಚ್ರಿ ಅಕ್ಕಾರ. ಉರಿತೈತಿ ಅಂದ್ರ ಈಗ ನೀವು ಕೇಳ್ತೀರಿ," ಎಂದಳು.

ಹುಡುಗಿಯ ಮೊಣಕೈಗೆ ಚೂರು ಅಂಟು ಹಚ್ಚಿ ಮನೆಗೆ ಕಳಿಸಿದೆ. ಮರುದಿನ ಅವರು ಬರುವವರೆಗೆ ನನಗೆ ಊಟ ಸೇರಲಿಲ್ಲ.